ಮಾಸ್ತರರು ಕದ್ದು ಕೇಳಿದ ಹಾಡು

ನಾನು ಒಂದು ವಾಲ್ವ್ ರೇಡಿಯೋ. ತೇಗದ ಮೈ, ಎದೆಯ ಮೇಲೆ ಬಂಗಾರದ ಬಣ್ಣದ ಬಟ್ಟೆ, ಕೆಳಗೆ ಎರಡು ದಪ್ಪ ಗುಂಡಿಗಳು. ಒಂದನ್ನು ತಿರುಗಿಸಿದರೆ ದನಿ ಏರುತ್ತದೆ, ಇನ್ನೊಂದನ್ನು ತಿರುಗಿಸಿದರೆ ಊರು ಬದಲಾಗುತ್ತದೆ. ಕಾರ್ಖಾನೆಯಲ್ಲಿ ನನ್ನನ್ನು ಜೋಡಿಸಿದ ಹೆಂಗಸು ಕೊನೆಯ ತಿರುಪು ಬಿಗಿದು, ಕರೆಂಟು ಕೊಟ್ಟು, ನನ್ನ ಎದೆಗೆ ಕಿವಿ ಹಚ್ಚಿದಳು. ಒಳಗಿನ ವಾಲ್ವುಗಳು ಮೆಲ್ಲಗೆ ಕೆಂಪಾದವು. ಮೊದಲು ಗೊರಗೊರ ಸದ್ದು, ಆಮೇಲೆ ಯಾವನೋ ಒಬ್ಬ ಹವಾಮಾನ ಹೇಳುವ ದನಿ. "ಮಾತಾಡ್ತು ನೋಡೇ," ಎಂದು ಪಕ್ಕದವಳಿಗೆ ಹೇಳಿ ನನ್ನನ್ನು ಪೆಟ್ಟಿಗೆಯಲ್ಲಿ ಇಳಿಸಿದಳು.

ನಾನು ಮೊದಲು ಸೇರಿದ್ದು ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನಲ್ಲಿದ್ದ ಗಾರ್ಡ್ ಡೆಸ್ಮಂಡ್ ಹಾರ್ವಿಯವರ ಮನೆಯನ್ನು. ಭಾನುವಾರ ಮಧ್ಯಾಹ್ನ ಅಲ್ಲಿ ಜನ ಸೇರುತ್ತಿದ್ದರು. ಸಿಲೋನ್ ಸ್ಟೇಷನ್ನಿನಿಂದ ಇಂಗ್ಲಿಷ್ ಹಾಡುಗಳು ಬರುತ್ತಿದ್ದ ಕಾಲ ಅದು. ಕಡಲಾಚೆ ಉದ್ದ ಕೂದಲಿನ ಹುಡುಗರು ಗಿಟಾರು ಹಿಡಿದು ಹಾಡಲು ಶುರುಮಾಡಿದ್ದರು. ಒಂದೊಂದು ಹಾಡು ಮುಗಿದಾಗಲೂ ಜಗಳ. ಮುದುಕ ಡ್ರೈವರ್ ಒಬ್ಬರು, ಇದಕ್ಕಿಂತ ತಮ್ಮ ಇಂಜಿನ್ನೇ ಚೆನ್ನಾಗಿ ಹಾಡುತ್ತದೆ ಎನ್ನುತ್ತಿದ್ದರು. ಹಾರ್ವಿಯವರ ಮಗಳು ಡೊರೀನ್ ಮಾತ್ರ ಮೊದಲು ಕುಣಿದು, ಉಸಿರು ತಿರುಗಿದ ಮೇಲೆ ಅಭಿಪ್ರಾಯ ಹೇಳುತ್ತಿದ್ದಳು. ಹಾಡು ಸೇರಿದವರು ಸೇರಿತು ಎನ್ನುತ್ತಿದ್ದರು, ಸೇರದವರು ಕಿವಿಗೆ ಬೆರಳಿಡುತ್ತಿದ್ದರು. ಆ ಮನೆಯಲ್ಲಿ ಯಾರೂ ನನ್ನ ದನಿಯನ್ನು ತಗ್ಗಿಸಿದ್ದು ನೆನಪಿಲ್ಲ. ಆಮೇಲೆ ಅವರು ಆಸ್ಟ್ರೇಲಿಯಾಕ್ಕೆ ಹೊರಟರು. ನಾನು ಧಾರವಾಡಕ್ಕೆ ಬಂದೆ.

ಧಾರವಾಡದಲ್ಲಿ ನನ್ನನ್ನು ಕೊಂಡವರು ಮರುಳಯ್ಯ ಸಾಲಿಮಠ ಮಾಸ್ತರರು. ಮನೆಯಲ್ಲೇ ಹಿಂದೂಸ್ತಾನಿ ಗಾಯನ ಕಲಿಸುತ್ತಿದ್ದ ಅವರೆಂದರೆ ಊರಿನ ಜನಕ್ಕೆ ಮರ್ಯಾದೆ, ಶಿಷ್ಯರಿಗೆ ಹೆದರಿಕೆ. ದೊಡ್ಡ ಗವಾಯಿಗಳ ಕಛೇರಿ ಕೇಳುವುದಕ್ಕೆಂದು ನನ್ನನ್ನು ತಂದು, ತಂಬೂರಿಯ ಪಕ್ಕದ ಗೋಡೆಯ ಮಾಡದಲ್ಲಿಟ್ಟು, ತಮ್ಮ ಹೆಂಡತಿ ಗೌರವ್ವ ಕಸೂತಿ ಹಾಕಿದ ಬಟ್ಟೆ ಹೊದಿಸಿದರು.

ಒಂದು ಮಧ್ಯಾಹ್ನ ಸ್ಟೇಷನ್ ಹುಡುಕುತ್ತ ಗುಂಡಿ ತಿರುಗಿಸುವಾಗ ಮಾಸ್ತರರಿಗೆ ಸಿಲೋನಿನ ಒಂದು ಇಂಗ್ಲಿಷ್ ಹಾಡು ಸಿಕ್ಕಿತು. ಮುಖ ಸಿಂಡರಿಸಿ ಮುಂದೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ಗುಂಡಿ ಹಿಂದಕ್ಕೆ ತಿರುಗಿತು. ಒಂಟಿ ದನಿ, ಗಿಟಾರಿನ ನಾಲ್ಕು ಮೀಟು, ಆಮೇಲೆ ಡ್ರಮ್ಮು. ದನಿ ಮೇಲೇರಿ ಒಂದು ಕಡೆ ತಡೆದು ನಿಂತಿತು. ಮಾಸ್ತರರ ಕೈ ತೊಡೆ ತಟ್ಟಿ ತಾಳ ಹಾಕತೊಡಗಿತು.

"ಇಲ್ಲಿ ಬಾ," ಎಂದು ಗೌರವ್ವನನ್ನು ಕರೆದರು. "ಮ್ಯಾಲಿನ ಷಡ್ಜಕ್ಕ ಬರ್ತಾನಂತ ನಾವು ಕಾಯ್ತೀವಿ, ಈ ಮಗ ಒಂದು ಸ್ವರ ಕೆಳಗ, ನಿಷಾದದಾಗ ನಿಂತುಬಿಡ್ತಾನ. ಕೂಗತಾನ ಖರೆ, ಆದ್ರ ಸ್ವರ ಬಿಟ್ಟಿಲ್ಲ."

"ಶಿಷ್ಯಾರು ಕೇಳ್ಯಾರು, ಸಣ್ಣಗ ಹಚ್ಚರಿ," ಎಂದು ಗೌರವ್ವ ನಕ್ಕರು.

ಅಂದಿನಿಂದ ಊಟದ ನಂತರ ಬಾಗಿಲು ಹಾಕಿಕೊಂಡು ಕೇಳುವುದು ರೂಢಿಯಾಯಿತು. ಆ ಕಾರ್ಯಕ್ರಮದಲ್ಲಿ ಕೇಳುಗರ ಅಭಿಪ್ರಾಯಗಳನ್ನೂ ಓದುತ್ತಿದ್ದರು. ನಾಗಪುರದ ನರ್ಸೊಬ್ಬಳಿಗೆ ಈ ತಂಡ ಇಷ್ಟ, ಕೊಲಂಬೋದ ವಕೀಲರೊಬ್ಬರಿಗೆ ಆ ತಂಡ. ಅರ್ಧಮರ್ಧ ತಿಳಿದ ಇಂಗ್ಲಿಷಿನಲ್ಲೇ ಅದನ್ನು ಹಿಡಿದು ಮಾಸ್ತರರು ನನ್ನೊಡನೆ ವಾದಿಸುತ್ತಿದ್ದರು. "ಏ, ಆ ವಕೀಲಗ ಕಿವಿ ಇಲ್ಲ." ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾದರೆ ಸಾಕು, ನನ್ನ ದನಿ ಇಳಿಯುತ್ತಿತ್ತು, ಬಟ್ಟೆ ಮುಖದ ಮೇಲೆ ಬೀಳುತ್ತಿತ್ತು. ಶಿಷ್ಯರು ಒಳಗೆ ಬರುವಷ್ಟರಲ್ಲಿ ಮಾಸ್ತರರು ತಂಬೂರಿ ಶ್ರುತಿ ಮಾಡುತ್ತ ಕೂತಿರುತ್ತಿದ್ದರು. ನಾಚಿಕೆಯಿಂದ ಕಿವಿ ಮಾತ್ರ ಕೆಂಪಗಿರುತ್ತಿತ್ತು.

ಶಿಷ್ಯರಲ್ಲಿ ಕಸ್ತೂರಿ ಬಳಿಗಾರ ಎಂಬ ಹುಡುಗಿಯೊಬ್ಬಳಿದ್ದಳು. ಕಾಲೇಜಿನ ಮೊದಲ ವರ್ಷ. ಅಂಥ ದನಿ ತಮ್ಮ ಕೈಗೆ ಹಿಂದೆ ಸಿಕ್ಕಿರಲಿಲ್ಲ ಎಂದು ಮಾಸ್ತರರೇ ಗೌರವ್ವನ ಮುಂದೆ ಹೇಳಿದ್ದರು. ಅವಳು ಪಾಠಕ್ಕೆ ಬೇಗ ಬಂದು ಹೊರಗಿನ ಕಟ್ಟೆಯ ಮೇಲೆ ಸದ್ದಿಲ್ಲದೆ ಕೂರುತ್ತಿದ್ದಳು. ಕಿಟಕಿಯ ಸಂದಿಯಿಂದ ಅವಳ ಜಡೆ ನನಗೆ ಕಾಣುತ್ತಿತ್ತು, ಮಾಸ್ತರರಿಗೆ ಕಾಣುತ್ತಿರಲಿಲ್ಲ.

ಆ ವರ್ಷ ಸಂಗೀತ ಸಭೆಯವರು ಎಳೆಯ ಗಾಯಕರ ಕಛೇರಿ ಇಟ್ಟುಕೊಂಡಿದ್ದರು. ಸಭೆಯ ಅಧ್ಯಕ್ಷರಾದ ಬಾಪುಗೌಡ ದೇಸಾಯಿಯವರು ಕಸ್ತೂರಿಯ ಹಾಡು ಕೇಳಲು ಮಾಸ್ತರರ ಮನೆಗೇ ಬಂದರು. ಜೊತೆಗೆ ಕಸ್ತೂರಿಯ ತಂದೆಯೂ ಇದ್ದರು. ಅವಳು ಭೀಮಪಲಾಸಿ ಹಾಡಿದಳು. ದೇಸಾಯರು ಕಣ್ಣುಮುಚ್ಚಿ ತಲೆದೂಗಿದರು. ಎಲ್ಲ ಮುಗಿದು ಚಹಾ ಬಂದಾಗ, ಹಗುರಾದ ಮನಸ್ಸಿನಿಂದ ತಂಬೂರಿಗೆ ಗವಸು ಹಾಕುತ್ತ ಕಸ್ತೂರಿ ತನಗೇ ತಿಳಿಯದಂತೆ ಒಂದು ಧಾಟಿ ಗುನುಗಿದಳು. ಅದು ಸಿಲೋನಿನ ಆ ಹಾಡು. ನಿಷಾದದಲ್ಲಿ ತಡೆದು ನಿಲ್ಲುವ ಜಾಗವನ್ನು ಕೂಡ ಬಿಡಲಿಲ್ಲ.

ದೇಸಾಯರು ಬಟ್ಟಲು ಕೆಳಗಿಟ್ಟರು. "ಮಾಸ್ತರ, ನಿಮ್ಮ ಮನ್ಯಾಗ ಇದನ್ನೂ ಕಲಸ್ತೀರೇನು?"

ಮಾಸ್ತರರ ಮುಖ ಬಿಳಿಚಿಕೊಂಡಿತು. "ಎಲ್ಲಿ ಕಲ್ತಿ ಈ ಹೊಲಸ?" ಎಂದು ಗದರಿದರು.

ಕಸ್ತೂರಿ ತಲೆಯೆತ್ತಿ ನನ್ನತ್ತ ನೋಡಿದಳು. ಆಮೇಲೆ ಮಾಸ್ತರರತ್ತ ನೋಡಿದಳು. ಅಡುಗೆಮನೆಯ ಬಾಗಿಲಲ್ಲಿ ಗೌರವ್ವನ ಬಳೆ ಸದ್ದು ನಿಂತಿತು.

"ಹೋಟೆಲದಾಗ ಕೇಳಿದ್ನಿರಿ," ಎಂದಳು ಕಸ್ತೂರಿ.

ಆ ಕಾಲದಲ್ಲಿ ಮರ್ಯಾದಸ್ತರ ಮನೆಯ ಹುಡುಗಿ ಹೋಟೆಲಿನಲ್ಲಿ ಕೂತು ಹಾಡು ಕೇಳುತ್ತಾಳೆಂದರೆ ಏನರ್ಥ ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಅವಳ ತಂದೆ ನೆಲ ನೋಡಿದರು. ದೇಸಾಯರು ಶಲ್ಯ ಕೊಡವಿಕೊಂಡು ಎದ್ದರು. ಮಾಸ್ತರರು ಬಾಯಿ ತೆರೆದರು. ಒಂದು ಮಾತು ಸಾಕಾಗಿತ್ತು. ಅವರು ಬಾಯಿ ಮುಚ್ಚಿಕೊಂಡರು.

ಕಛೇರಿಗೆ ಬೇರೆ ಹುಡುಗನನ್ನು ಆರಿಸಿದರು. ಕಸ್ತೂರಿಯ ಪಾಠ ನಿಂತಿತು, ಕಾಲೇಜೂ ನಿಂತಿತು. ಮುಂದಿನ ಬೇಸಿಗೆಯಲ್ಲಿ ಅವಳನ್ನು ಗದಗಕ್ಕೆ ಮದುವೆ ಮಾಡಿ ಕೊಟ್ಟರೆಂದು ಸುದ್ದಿ ಬಂತು.

"ಆ ಹುಡುಗಿ ನಿಮ್ಮ ಸಲುವಾಗಿ ಸುಳ್ಳು ಹೇಳಿದ್ಲು," ಎಂದರು ಗೌರವ್ವ, ರೊಟ್ಟಿ ಬಡಿಯುತ್ತ. "ನೀವು ಸುಮ್ಮ ಕುಂತು ಅದನ್ನ ಖರೆ ಮಾಡಿದ್ರಿ."

ಕಸ್ತೂರಿಯ ತಂದೆಗೆ ನಿಜ ಹೇಳಿಬರುತ್ತೇನೆಂದು ಒಮ್ಮೆ ಅಂಗಿ ತೊಟ್ಟು ಹೊರಟ ಮಾಸ್ತರರು ಅವರ ಓಣಿಯ ತಿರುವಿನಿಂದಲೇ ಮರಳಿದರು. ಆಮೇಲೆ ನನ್ನ ಮುಖದ ಬಟ್ಟೆ ತೆಗೆಯುವವರೇ ಇಲ್ಲವಾಯಿತು. ಧೂಳು ಕೂತಿತು. ಕೊನೆಗೊಂದು ದಿನ ಮಾಸ್ತರರು ನನ್ನನ್ನು ಹೊತ್ತು ತಂದು, ತಮ್ಮ ಕ್ಷೌರ ಮಾಡುವ ಯಲ್ಲಪ್ಪ ಹಡಪದನ ಅಂಗಡಿಯಲ್ಲಿ ಇಳಿಸಿದರು. "ಇಟ್ಕೋ ಮಾರಾಯ, ಮನ್ಯಾಗ ಕೇಳವರಿಲ್ಲ."

ಯಲ್ಲಪ್ಪನ ಅಂಗಡಿಯಲ್ಲಿ ನಾನು ಬಹಳ ವರ್ಷ ದುಡಿದೆ. ಕ್ರಿಕೆಟ್ಟು, ಸಿನಿಮಾ ಹಾಡು, ಚುನಾವಣೆಯ ಫಲಿತಾಂಶ. ಮಾಸ್ತರರು ದಾಡಿಗೆ ಬಂದಾಗ ನನ್ನ ಕಡೆ ಬೆನ್ನು ಬರುವ ಕುರ್ಚಿಯನ್ನೇ ಆರಿಸುತ್ತಿದ್ದರು. ಅವರ ಕೂದಲು ಬೆಳ್ಳಗಾಯಿತು. ಗೌರವ್ವ ತೀರಿಕೊಂಡರು.

ಆಗ ಊರಿನ ಆಕಾಶವಾಣಿಯಲ್ಲಿ ಭಾನುವಾರ ಬೆಳಿಗ್ಗೆ ಹೊಸ ಕಾರ್ಯಕ್ರಮ ಶುರುವಾಗಿತ್ತು. ಕೇಳುಗರು ಫೋನು ಮಾಡಿ ತಮಗೆ ಸೇರಿದ ಹಳೆಯ ಹಾಡಿನ ಬಗ್ಗೆ ಮಾತಾಡಬಹುದಿತ್ತು. ಒಂದು ವಾರ ಅರವತ್ತರ ದಶಕದ ಇಂಗ್ಲಿಷ್ ಹಾಡುಗಳ ಸರದಿ. ನಿವೃತ್ತ ಪ್ರೊಫೆಸರರೊಬ್ಬರು ಫೋನು ಮಾಡಿ ಅಂಥ ಹಾಡು ಈಗ ಬರುವುದಿಲ್ಲ ಎಂದರು. ಇನ್ನೊಬ್ಬರು ಅದೆಲ್ಲ ಬರೀ ಗದ್ದಲ ಎಂದರು. ಮಾಸ್ತರರು ಮುಖದ ತುಂಬ ಸಾಬೂನಿನ ನೊರೆ ಹಚ್ಚಿಸಿಕೊಂಡು ಕೂತಿದ್ದರು. ಆಗ ನನ್ನೊಳಗಿಂದ ಒಬ್ಬ ಹೆಂಗಸಿನ ದನಿ ಬಂತು.

"ನಾನು ಗದಗಿನಿಂದ ಕಸ್ತೂರಿ ಮಾತಾಡಾಕತ್ತೀನ್ರಿ. ಈಗ ಅವರು ಗದ್ದಲ ಅಂದ್ರಲ್ರಿ, ನನಗ ಹಂಗ ಅನಸೂದಿಲ್ಲ. ಅದರಾಗ ದನಿ ನಿಷಾದದಾಗ ಬಂದು ನಿಲ್ತೈತಿ. ನಮ್ಮ ಗುರುಗಳು ಬಾಗಿಲಾ ಹಾಕ್ಕೊಂಡು ಕೇಳತಿದ್ರು. ನಾ ಕಟ್ಟಿ ಮ್ಯಾಲ ಕುಂತು ಅವರು ಹಾಕೋ ತಾಳ ಕೇಳತಿದ್ದೆ. ತಾಳದ ಪಾಠ ನನಗ ಖರೇನ ಆಗಿದ್ದು ಅಲ್ಲೇ ರೀ."

"ಯಾರಮ್ಮ ನಿಮ್ಮ ಗುರುಗಳು?" ಎಂದು ಕಾರ್ಯಕ್ರಮ ನಡೆಸುವವರು ಕೇಳಿದರು.

"ಹೆಸರು ಬ್ಯಾಡ್ರಿ. ದೊಡ್ಡವರು."

ಬೆಂಚಿನ ಮೇಲೆ ಕೂತಿದ್ದವನೊಬ್ಬ ನಕ್ಕ. "ಯಾವನೋ ಕಳ್ಳ ಗವಾಯಿ ಇರಬೇಕು."

"ನಾನ," ಎಂದರು ಮಾಸ್ತರರು.

ಯಲ್ಲಪ್ಪನ ಕತ್ತಿ ಗಾಳಿಯಲ್ಲೇ ನಿಂತಿತು. "ಏನಂದ್ರಿ?"

"ಆ ಕಳ್ಳ ನಾನ, ಯಲ್ಲಪ್ಪ."

ಕೊರಳಿನ ಬಟ್ಟೆ ಕಿತ್ತು ಅವರು ಎದುರಿನ ಫೋನ್ ಬೂತಿಗೆ ನಡೆದರು, ಅರ್ಧ ಮುಖದ ಮೇಲೆ ನೊರೆ ಹಾಗೇ ಇತ್ತು. ಗಾಜಿನಾಚೆ ಅವರು ಮತ್ತೆ ಮತ್ತೆ ಡಯಲ್ ಮಾಡುವುದನ್ನು ಅಂಗಡಿಯವರೆಲ್ಲ ನೋಡಿದರು. ಕಾರ್ಯಕ್ರಮ ಮುಗಿಯುವ ಹೊತ್ತಿಗೆ ಅವರ ದನಿ ನನ್ನಿಂದ ಹೊರಬಂತು.

"ನಾ ಮರುಳಯ್ಯ ಸಾಲಿಮಠ, ಸಂಗೀತ ಮಾಸ್ತರ. ಆ ಹಾಡು ನನಗ ಭಾಳ ಸೇರ್ತಿತ್ತು. ಮಂದಿ ಮುಂದ ಹೊಲಸ ಅಂದೆ. ಬಳಿಗಾರ ಕಸ್ತೂರಿ ಯಾವ ಹೋಟೆಲಿಗೂ ಹೋಗಿರಲಿಲ್ಲ. ನನ್ನ ಮನ್ಯಾಗ ಕೇಳಿದ್ಲು. ಅದು ನನಗ ಗೊತ್ತಿತ್ತು. ನಾ ಹೇಳಲಿಲ್ಲ."

ಕಾರ್ಯಕ್ರಮ ನಡೆಸುವವರು ಸಮಯವಾಯಿತೆಂದು ಹಾಡು ಹಚ್ಚಿದರು. ಮಾಸ್ತರರು ಮರಳಿ ಬಂದು ಕುರ್ಚಿಯಲ್ಲಿ ಕೂತರು. ನೊರೆ ಒಣಗಿ ಕೆನ್ನೆಗೆ ಅಂಟಿತ್ತು. ಯಲ್ಲಪ್ಪ ಬ್ರಷ್ಷನ್ನು ನೀರಿಗದ್ದಿದ.

ಮುಂದಿನ ವಾರ ಅವರು ಗದಗಕ್ಕೆ ಹೋಗಿಬಂದರು. ದಾಡಿಗೆ ಬಂದಾಗ ಯಲ್ಲಪ್ಪ ತಡೆಯಲಾರದೆ ಕೇಳಿದ, "ಭೆಟ್ಟಿ ಆದ್ರೇನ್ರಿ?"

"ಆದ್ಲು. ಕಾಲಿಗೆ ಬಿದ್ಲು, ಉಪ್ಪಿಟ್ಟು ಮಾಡಿ ಹಾಕಿದ್ಲು. ಒಂದು ಹಾಡು ಅಂದೆ. ದನಿ ಎಲ್ಲಿ ಉಳದೈತ್ರಿ, ಹಾಡಿ ಎಷ್ಟೋ ವರ್ಷ ಆತು ಅಂದ್ಲು. ನಗಕೋತನ ಅಂದ್ಲು."

"ಮನಸಿನಾಗ ಇಟ್ಕೊಂಡಿಲ್ಲಲ್ಲ?"

"ಇಲ್ಲ. ಅದಕ್ಕ ತಲಿ ಎತ್ತಾಕ ಆಗವಲ್ದು."

ಮಾಸ್ತರರು ಈಗಿಲ್ಲ. ಅಂಗಡಿಯನ್ನು ಯಲ್ಲಪ್ಪನ ಮಗ ನೋಡಿಕೊಳ್ಳುತ್ತಾನೆ. ನನ್ನ ವಾಲ್ವುಗಳು ಸುಟ್ಟುಹೋಗಿವೆ, ಅಂಥವು ಈಗ ಪೇಟೆಯಲ್ಲಿ ಸಿಗುವುದಿಲ್ಲವಂತೆ. ಮೂಲೆಯ ಹಲಗೆಯ ಮೇಲೆ ಕೂತಿದ್ದೇನೆ. ನನ್ನ ತಲೆಯ ಮೇಲೆ ಪೌಡರ್ ಡಬ್ಬಿಗಳಿವೆ. ಕೆಳಗೆ ಹುಡುಗರು ಕಿವಿಯಲ್ಲಿ ಏನನ್ನೋ ಸಿಕ್ಕಿಸಿಕೊಂಡು ಹಾಡು ಕೇಳುತ್ತಾರೆ, ಯಾವುದು ಛಲೋ ಯಾವುದು ಅಲ್ಲ ಎಂದು ಗಟ್ಟಿಯಾಗಿ ಜಗಳಾಡುತ್ತಾರೆ. ಜಗಳಾಡಲಿ. ಅವರನ್ನು ನೋಡಿದಾಗಲೆಲ್ಲ ನನಗೆ ಗದಗಿನ ಕಸ್ತೂರಿಯ ಮನೆ ಕಣ್ಣಿಗೆ ಕಟ್ಟುತ್ತದೆ, ನಾನು ಅದನ್ನು ಕಂಡವನಲ್ಲದಿದ್ದರೂ. ನನ್ನ ದನಿ ಹಾಡಿ ಹಾಡಿ ಹೋಯಿತು. ಕಸ್ತೂರಿಯ ದನಿ ಹಾಡದೆ ಹೋಯಿತು.