ಕಿವಿಯಂತ್ರದ ಅಂಗಡಿಗೆ ಗಾಜಿನ ಗೋಡೆ

ಅಂಗಡಿ ನವೀಕರಿಸಲು ಹೊರಟವರಿಗೆ ನನ್ನದೊಂದು ಬುದ್ಧಿಮಾತು. ಗೋಡೆ ಕೊರೆಯುವ ಡ್ರಿಲ್ ಓಡುತ್ತಿರುವಾಗ ಯಾರು ಏನೇ ಕೇಳಲಿ, ತಲೆಯಾಡಿಸಬೇಡಿ. ನಾನು ಆಡಿಸಿ ಕೆಟ್ಟೆ.

ನನ್ನದು ಕಿವಿಯಂತ್ರದ ಅಂಗಡಿ. ಕಿವಿ ಮಂದವಾದವರನ್ನು ಪರೀಕ್ಷಿಸಿ, ಯಂತ್ರ ಹಾಕಿ, ಎದುರು ಕೂರಿಸಿಕೊಂಡು ನಾಲ್ಕು ಮಾತಾಡಿಸಿ ಕಳಿಸುತ್ತೇನೆ. ಚಿಕ್ಕಂದಿನಿಂದ ನನ್ನ ಕಿವಿಗಳೂ ಅಷ್ಟಕ್ಕಷ್ಟೇ, ನನಗೂ ಯಂತ್ರ ಬೇಕು. ಹಳೇ ಕೋಣೆಯಲ್ಲಿ ಸವೆದ ಜಮಖಾನ, ದಪ್ಪ ಪರದೆಗಳು, ಗೋಡೆ ತುಂಬ ರಟ್ಟಿನ ಡಬ್ಬಗಳಿದ್ದವು. ನೋಡಿದರೆ ಥೇಟ್ ಗೋದಾಮು. ಪಕ್ಕದಲ್ಲಿ ಥಳಥಳ ಹೊಳೆಯುವ ಕನ್ನಡಕದ ಅಂಗಡಿ ಬಂದ ಮೇಲೆ ನನಗೂ ಆಸೆ ಹುಟ್ಟಿತು.

ಗಂಡನ ತಮ್ಮ ಕಟ್ಟಡದ ಕಂಟ್ರಾಕ್ಟರ್. "ಅತ್ತಿಗೆ, ನೀವು ಸುಮ್ನಿರಿ, ನಾನು ನೋಡ್ಕೋತೀನಿ" ಎಂದವನೇ ಬೇರೆ ಕೆಲಸಗಳನ್ನು ಬದಿಗಿಟ್ಟು ಬಂದ. ಚಿನ್ನದಂಥ ಮನುಷ್ಯ, ಗಂಟಲು ಮಾತ್ರ ಡೋಲು. ಇತ್ತೀಚೆಗಂತೂ ಗುಟ್ಟನ್ನೂ ಬೀದಿಗೆಲ್ಲ ಕೇಳುವಂತೆ ಹೇಳುತ್ತಿದ್ದ. ಕೆಲಸದವರ ಜೊತೆ ಕೂಗಿ ಕೂಗಿ ಅಭ್ಯಾಸ ಎಂದು ಮನೆಯಲ್ಲಿ ನಗುತ್ತಿದ್ದೆವು.

ಡ್ರಿಲ್ ಸದ್ದು ಕಿವಿಯಂತ್ರದೊಳಗೆ ನುಗ್ಗಿದರೆ ತಲೆ ಸಿಡಿಯುತ್ತದೆ. ಅದನ್ನು ತೆಗೆದು ಪರ್ಸಿಗೆ ಹಾಕಿದೆ. ಅವನು ಬಂದು ಬಂದು ಏನೋ ಕೇಳುತ್ತಿದ್ದ. ಧೂಳಿಗೆಂದು ಮಾಸ್ಕ್ ಹಾಕಿದ್ದರಿಂದ ತುಟಿಯೂ ಕಾಣುತ್ತಿರಲಿಲ್ಲ. ಪ್ರತಿ ಸಲ ಯಂತ್ರ ಹುಡುಕುವವರು ಯಾರು? "ಹೂಂ, ಮಾಡಪ್ಪ" ಎಂದು ತಲೆಯಾಡಿಸುತ್ತಿದ್ದೆ. ಒಂದು ದಿನ ಮಾತ್ರ ಹೇಳಿ ಮುಗಿಸಿದವನು ಹೋಗದೆ ನಿಂತೇ ಇದ್ದ. ಬೆನ್ನು ತಟ್ಟಿ, "ಹೂಂ, ಆಮೇಲೆ ನೋಡೋಣ" ಎಂದೆ. ಹೋದ.

ಕೆಲಸ ಮುಗಿದಾಗ ಪರದೆ, ಜಮಖಾನ ಮಾಯವಾಗಿದ್ದವು. ಗಾಜಿನ ಗೋಡೆ, ನುಣುಪು ಕಲ್ಲಿನ ನೆಲ. ಯಂತ್ರ ಹಾಕಿಕೊಂಡು "ಚೆನ್ನಾಗಿದೆ" ಎಂದೆ. ಆ ಮಾತು ಸುತ್ತಲಿಂದ ತಿರುಗಿ ಬಂದು ನನ್ನ ಕಿವಿಗೇ ಬಡಿಯಿತು.

"ಗುಂಯ್ ಅಂತಿದೆಯಲ್ಲೋ?"

"ನನಗೇನೂ ಅನ್ನಿಸ್ತಿಲ್ಲ ಅತ್ತಿಗೆ. ಹೊಸದಲ್ವಾ, ಅಭ್ಯಾಸ ಆಗುತ್ತೆ."

ಮೊದಲು ಬಂದವರು ನಿವೃತ್ತ ಅಂಚೆಯವರೊಬ್ಬರು, ಹೆಂಡತಿಯ ಜೊತೆ. ಹೊಸ ಯಂತ್ರ ಹಾಕಿಸಿಕೊಂಡರು. ಆಕೆ ಆಸೆಯಿಂದ ಏನೋ ಕೇಳಿದರು. ಇವರು ಮುಖ ಕಿವುಚಿ ಯಂತ್ರ ಕಿತ್ತಿಟ್ಟರು. "ಇವಳು ಬಾವಿಯೊಳಗಿಂದ ಕೂಗ್ದಂಗಿದೆ. ಈ ಮಿಷನ್ ಸರಿ ಇಲ್ಲ ತಾಯಿ."

ಆ ವಾರ ಬಂದವರೆಲ್ಲರದೂ ಅದೇ ರಾಗ. ತಪ್ಪು ಯಂತ್ರದ್ದಲ್ಲ, ಸದ್ದು ಹೀರುವ ಪರದೆ ಜಮಖಾನ ಇಲ್ಲದ ಕೋಣೆಯದು ಎಂದರೆ ಯಾರು ನಂಬುತ್ತಾರೆ? ಹೀಗೇ ಆದರೆ ಅಂಗಡಿಗೆ ಬೀಗವೇ ಗತಿ. ಮೈದುನನನ್ನು ಕರೆಸಿದೆ.

"ಯಾರನ್ನ ಕೇಳಿ ಪರದೆ ತೆಗೆಸಿದೆ?"

"ನಿಮ್ಮನ್ನೇ. ಒಂದೊಂದಕ್ಕೂ ಹೂಂ ಅಂದ್ರಲ್ಲ."

ನಿಜ ಹೇಳಿದೆ. "ಮಿಷನ್ ಪರ್ಸಲ್ಲಿತ್ತು ಕಣೋ. ನೀನು ಹೇಳಿದ್ದು ಒಂದಕ್ಷರಾನೂ ಕೇಳಿಲ್ಲ."

ರೇಗುತ್ತಾನೆ, ಇಲ್ಲವೇ ನಗುತ್ತಾನೆ ಅಂದುಕೊಂಡೆ. ಅವನು ಕುರ್ಚಿ ಎಳೆದು ಕೂತ.

"ಹಾಗಾದ್ರೆ ನನ್ನ ಕಿವಿ ವಿಷಯಾನೂ ಕೇಳಿಲ್ವಾ?"

"ನಿನ್ನ ಕಿವಿಗೇನಾಯ್ತು?"

"ಬಲಗಡೇದು ಸರಿಯಾಗಿ ಕೇಳ್ತಾನೇ ಇಲ್ಲ. ಎಡಗಡೇದೂ ಹೋಗ್ತಿದೆ. ಮನೇಲಿ ಯಾರಿಗೂ ಹೇಳಿಲ್ಲ, ನಿಮಗೊಬ್ರಿಗೇ ಹೇಳಿದ್ದು. ನೀವು ಬೆನ್ನು ತಟ್ಟಿ ಆಮೇಲೆ ನೋಡೋಣ ಅಂದ್ರಿ. ಮತ್ತೆ ಕೇಳೋಕೆ ನಾಚಿಕೆ ಆಯ್ತು."

ಗುಂಯ್ ಅನ್ನುವುದು ಇವನಿಗೇಕೆ ಕೇಳಿಸಲಿಲ್ಲ ಎಂಬುದು ಆಗ ಹೊಳೆಯಿತು. ಕಂಡವರ ಕಿವಿಯನ್ನೆಲ್ಲ ನೋಡುವ ನಾನು ಮನೆಯವನೇ ಆದ ಮೈದುನನ ಗಂಟಲು ಕೇಳಿ ನಕ್ಕಿದ್ದೆ.

ಅಂದೇ ಹಿಂಬದಿಯ ಕೋಣೆಯಲ್ಲಿ ಅವನು ಎತ್ತಿಟ್ಟಿದ್ದ ಹಳೇ ಪರದೆಗಳನ್ನು ತಂದೆವು. ಅವನು ಏಣಿ ಹತ್ತಿ, ತಾನೇ ಹಾಕಿಸಿದ ಗಾಜಿನ ಮೇಲೆ ಅವನ್ನು ಇಳಿಬಿಟ್ಟ. ಜಮಖಾನ ಹಾಸಿದೆವು, ಡಬ್ಬಗಳನ್ನು ಗೋಡೆಗೆ ಜೋಡಿಸಿದೆವು. ಹೊಳಪೆಲ್ಲ ಹೋಯಿತು, ಜೊತೆಗೆ ಗುಂಯ್ ಕೂಡ. ಅಂಚೆಯವರಿಗೆ ನಾಳೆ ಇನ್ನೊಂದು ಸಲ ಬನ್ನಿ ಎಂದು ಫೋನ್ ಮಾಡಿದೆ.

ಆಮೇಲೆ ಇವನನ್ನು ಕೂರಿಸಿ, ಪರೀಕ್ಷಿಸಿ, ಎರಡೂ ಕಿವಿಗೆ ಯಂತ್ರ ಹಾಕಿದೆ. ನನ್ನದೂ ಸರಿಯಾಗಿದೆಯೇ ಎಂದು ಮುಟ್ಟಿ ನೋಡಿಕೊಂಡೆ.

"ಅವತ್ತು ಹೇಳಿದ್ಯಲ್ಲ, ಅದನ್ನ ಮೊದಲಿಂದ ಹೇಳು" ಎಂದೆ.

ಎಂದಿನ ಗಂಟಲಲ್ಲೇ ಶುರು ಮಾಡಿದ. ತನ್ನ ದನಿ ತನಗೇ ಕೇಳಿ ಬೆಚ್ಚಿ ನಿಲ್ಲಿಸಿದ. ಮತ್ತೆ ಮೆಲ್ಲಗೆ, ಇಷ್ಟು ವರ್ಷದಲ್ಲಿ ನಾನು ಕೇಳದಷ್ಟು ಮೆಲ್ಲಗೆ ಹೇಳತೊಡಗಿದ. ಅವನು ಪೂರ್ತಿ ಹೇಳಿ ಮುಗಿಸುವವರೆಗೆ ನಾನು ಹೂಂ ಅನ್ನಲಿಲ್ಲ.