ಸೊಟ್ಟಗೆ ಅಂಟಿದ ಚೀಟಿ

ಎರಡನೆಯ ಸಲವೂ ಪರೀಕ್ಷೆಯ ತಟ್ಟೆಯಲ್ಲಿ ರಕ್ತದ ಹನಿ ಹಾಕುವ ಅದೇ ಗುಣಿ ಹಳದಿಯಾಯಿತು. ಹೋಲಿಕೆಗೆಂದು ರೋಗದ ರಕ್ತ ಹಾಕಿದ್ದನ್ನು ಬಿಟ್ಟರೆ ತಟ್ಟೆಯ ಉಳಿದ ಗುಣಿಗಳೆಲ್ಲ ನೀರಿನಂತೆ ತಿಳಿಯಾಗಿದ್ದವು. ಹನ್ನೊಂದು ವರ್ಷದಿಂದ ರಕ್ತನಿಧಿಯಲ್ಲಿ ದಾನದ ರಕ್ತ ಪರೀಕ್ಷಿಸುತ್ತಿದ್ದವಳಿಗೆ, ಹಳದಿಯೆಂದರೆ ಹೆಪಟೈಟಿಸ್ ಬಿ ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಟ್ಯೂಬುಗಳ ಮೇಲೆ ಹೆಸರಿರುವುದಿಲ್ಲ, ಬರೀ ಸಂಖ್ಯೆ. ಯಾರ ರಕ್ತವೆಂದು ಪರೀಕ್ಷಿಸುವವರಿಗೆ ತಿಳಿಯಬಾರದು. ಅಲ್ಲಿಯ ಕಟ್ಟುನಿಟ್ಟಿನ ನಿಯಮ ಅದು. ಆದರೆ ಈ ಟ್ಯೂಬಿನ ಚೀಟಿ ಸೊಟ್ಟಗಿತ್ತು. ನಿನ್ನೆ ಅವಳ ತಮ್ಮ ಮೊದಲ ಸಲ ರಕ್ತ ಕೊಡಲು ಬಂದಾಗ ಚೀಟಿ ಅಂಟಿಸುವವರು ಊಟಕ್ಕೆ ಹೋಗಿದ್ದರು. ಅವರ ಬದಲು ಅವಳೇ ನಿಂತಿದ್ದಳು. "ಸೊಳ್ಳೆ ಅಕ್ಕಾ, ಮನೆಯವರನ್ನಾದ್ರೂ ಬಿಡೇ!" ಎಂದು ಅವನು ಗೋಳಾಡಿದ್ದಕ್ಕೆ ನಗುವಾಗ ಕೈ ಜಾರಿ ಚೀಟಿ ಸೊಟ್ಟಗೆ ಅಂಟಿತ್ತು.

ಅಮ್ಮನ ಕಣ್ಣುಗಳೂ ಕೊನೆಗೆ ಇದೇ ಬಣ್ಣಕ್ಕೆ ತಿರುಗಿದ್ದವು. ಅಮ್ಮ ಹೋಗಿ ಎಂಟು ತಿಂಗಳು. ಲಿವರ್ ಕೆಟ್ಟಿದೆ ಎಂದಿದ್ದರು. ಏಕೆ ಕೆಟ್ಟಿತೆಂದು ಕೇಳುವಷ್ಟು ಹೊತ್ತನ್ನು ದೇವರು ಕೊಡಲಿಲ್ಲ. ದಿನವೂ ಊರವರ ರಕ್ತ ನೋಡುವವಳು ಹೆತ್ತವಳ ರಕ್ತವನ್ನು ನೋಡಿರಲಿಲ್ಲ. ಲಿವರ್ ಕೆಡಿಸುವ, ಹೆರುವಾಗ ತಾಯಿಯಿಂದ ಮಗುವಿಗೂ ದಾಟಬಲ್ಲ ರೋಗವಿದು.

"ದೇವರೇ" ಎಂದಳು. ಮುಂದೇನು ಬೇಡಬೇಕೆಂದು ತೋಚಲಿಲ್ಲ.

ಆ ಸಂಖ್ಯೆಯ ವರದಿಯನ್ನು ಎದುರಿನ ಕೋಣೆಯ ವೈದ್ಯರಿಗೆ ಕೊಟ್ಟು ಬಂದಳು. ಅಷ್ಟರಲ್ಲಿ ತಮ್ಮನೇ ಬಾಗಿಲಲ್ಲಿ ತಲೆ ತೂರಿಸಿದ. "ರಕ್ತ ಕೊಟ್ಟಿದ್ದಕ್ಕೆ ಕೊಡೋ ಕಾರ್ಡ್ ರೆಡಿನಾ? ಮನೇಲಿ ತೋರಿಸ್ಬೇಕು. ಸೂಜಿ ಕಂಡ್ರೆ ನಾನು ಓಡ್ತೀನಿ ಅಂತ ಅವಳು ಪಂಥ ಕಟ್ಟಿದಾಳೆ."

ಅವನ ಹೆಂಡತಿಗೆ ಏಳು ತಿಂಗಳು ತುಂಬಿತ್ತು.

"ಡಾಕ್ಟರ್ ನಿನ್ನ ಹತ್ರ ಮಾತಾಡ್ಬೇಕು. ಹೋಗು."

"ಯಾಕೆ, ಕಮ್ಮಿ ಬಿತ್ತಾ? ಇನ್ನೊಂದು ಲೋಟ ಕೊಡ್ಲಾ?"

ಅವಳು ನಗಲಿಲ್ಲ. ಅವನು ಅಕ್ಕನ ಮುಖವನ್ನೇ ನೋಡಿದ. "ಅಮ್ಮನ್ನ ಐಸಿಯುಗೆ ಹಾಕಿದ ದಿನಾನೂ ನೀನು ಹೀಗೇ ನಿಂತಿದ್ದೆ."

"ಎಲ್ಲಾ ಅವರು ಹೇಳ್ತಾರೆ. ನಾಳೆ ಅವಳನ್ನೂ ಕರ್ಕೊಂಡು ಬಾ." ಇಷ್ಟಕ್ಕೇ ನಿಲ್ಲಿಸಬೇಕಿತ್ತು. ಬಾಯಿ ಕೇಳಲಿಲ್ಲ. "ಪಾಪು ಹುಟ್ಟಿದ ಕೂಡ್ಲೇ ಹಾಕೋ ಚುಚ್ಚುಮದ್ದಿದೆ ಕಣೋ. ಅದನ್ನ ಕಾಪಾಡ್ಕೋಬಹುದು."

ಅವನು ಎದುರಿನ ಕೋಣೆಗೆ ಹೋದ. ಬಾಗಿಲು ಮುಚ್ಚಿತು.

ಅವಳು ರಕ್ತ ತೆಗೆಯುವ ನರ್ಸಿನ ಮುಂದಿನ ಕುರ್ಚಿಯಲ್ಲಿ ಕುಳಿತು ತೋಳು ಮೇಲಕ್ಕೆ ಸರಿಸಿದಳು. "ನಂದೂ ಒಂದು ಟ್ಯೂಬ್ ತೆಗಿಯಮ್ಮ. ಹೆಪಟೈಟಿಸ್ ಬಿ ನೋಡ್ಬೇಕು."

"ನಿಮಗ್ಯಾಕೆ ಮೇಡಂ? ಕೆಲಸಕ್ಕೆ ಸೇರ್ದಾಗ್ಲೇ ಮೂರೂ ಇಂಜೆಕ್ಷನ್ ಆಗಿದ್ಯಲ್ಲ?"

"ಅದು ಬರದೇ ಇರೋ ಹಾಗೆ ತಡೆಯೋಕೆ. ಮೊದಲೇ ಇದ್ರೆ?"

ನರ್ಸು ಸೂಜಿ ಚುಚ್ಚಿದಳು. ಟ್ಯೂಬು ತುಂಬಿತು. ಎದುರು ಕೋಣೆಯಿಂದ ತಮ್ಮನ ದನಿ ಕೇಳಿಸುತ್ತದೆಯೇ ಎಂದು ಕಿವಿಗೊಟ್ಟಳು. ವೈದ್ಯರ ದನಿಯೊಂದೇ ಕೇಳುತ್ತಿತ್ತು. ಅವಳು ಸಂಖ್ಯೆಯ ಚೀಟಿಯೊಂದನ್ನು ಸುಲಿದು, ಇನ್ನೂ ಬೆಚ್ಚಗಿದ್ದ ಟ್ಯೂಬಿಗೆ ತಾನೇ ಅಂಟಿಸಿ, ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದಳು. ಈ ಸಲ ಅದು ನೇರವಾಗಿ ಕೂತಿತು.