ನಲವತ್ತೊಂದು ಅಂಕದ ಶ್ರೀ

ನಾನು ಒಂದು ಮೌಸ್. ಗಣಪತಿಯ ವಾಹನವಲ್ಲ, ಕಂಪ್ಯೂಟರಿನ ಮಗ್ಗುಲಲ್ಲಿ ಬಾಲ ಚಾಚಿಕೊಂಡು ಕೂರುವ ಜಾತಿಯದು. ಹುಟ್ಟಿದ್ದು ಯಾವುದೋ ಕಾರ್ಖಾನೆಯಲ್ಲಿ. ಅಚ್ಚಿನಿಂದ ಈಚೆ ಬಿದ್ದ ಕರಿಯ ಚಿಪ್ಪಿನೊಳಗೆ ಒಂದು ಚಕ್ರ, ಎರಡು ಗುಂಡಿ, ಒಂದು ಕೆಂಪು ದೀಪ ಇಟ್ಟು ಬಿಗಿದರು. ಆಗಲೇ ಒಂದು ಅನ್ಯಾಯವೂ ಆಯಿತು. ಎಲ್ಲರಿಗೂ ಕಣ್ಣು ಮುಖದಲ್ಲಿದ್ದರೆ ನನಗೆ ಹೊಟ್ಟೆಯಡಿ ಇಟ್ಟರು. ಹಾಗಾಗಿ ನಾನು ಬಾಳಿನ ಬಹುಪಾಲು ನೋಡಿದ್ದು ಮೇಜಿನ ಹಲಗೆಯನ್ನು ಮಾತ್ರ. ಮನುಷ್ಯರನ್ನು ನಾನು ಅವರ ಅಂಗೈಯಿಂದಲೇ ಅರಿತಿದ್ದೇನೆ. ಮುಖ ಸುಳ್ಳು ಹೇಳಬಹುದು, ಅಂಗೈಗೆ ಆ ವಿದ್ಯೆ ಬರುವುದಿಲ್ಲ.

ಗದಗಿನ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ, ಮಾಳಿಗೆಯ ಮೇಲೆ, ಏಳನೇ ನಂಬರಿನ ಮೇಜಿನಲ್ಲಿ ನನ್ನ ನೌಕರಿ ಶುರುವಾಯಿತು. ಗಂಟೆಗೊಂದು ಕೈ ಬದಲಾಗುತ್ತಿತ್ತು. ಮಿರ್ಚಿ ತಿಂದು ಒರೆಸದೆ ಬಂದ ಕೈ, ಮದರಂಗಿಯ ಕೈ, ಪರೀಕ್ಷೆಯ ಭಯಕ್ಕೆ ಬೆವರಿದ ಕೈ. ಸತ್ರದ ಚಾಪೆಯಂತಿತ್ತು ನನ್ನ ಬಾಳು, ಯಾರ ಮೇಲೂ ಮಮತೆ ಇರಲಿಲ್ಲ. ಆಗ ಕಸ್ತೂರಿ ಬಂದಳು.

ಕಸ್ತೂರಿಯ ಹೆಬ್ಬೆರಳಿನ ಉಗುರಿಗೆ ಸದಾ ಬಣ್ಣ ಅಂಟಿರುತ್ತಿತ್ತು. ಅವಳ ಅಪ್ಪ ದ್ಯಾಮಣ್ಣ ಚಿತ್ರಗಾರ ಊರಿನ ಅಂಗಡಿಗಳಿಗೆ ಬೋರ್ಡು ಬರೆಯುವವರು. ಅವರು ಬರೆದ ಅಕ್ಷರದ ಅಂಚಿಗೆ ಬಿಳಿ ಗೆರೆ ತುಂಬುವ ಕೆಲಸ ಮಗಳದು. ಅವಳು ಮಾಡಿದ ಮೊದಲ ವೆಬ್ ಪುಟದಲ್ಲಿ ಹಳದಿಯ ಮೇಲೆ ಕೆಂಪಿನಲ್ಲಿ ‘ದ್ಯಾಮಣ್ಣ ಆರ್ಟ್ಸ್’ ಎಂದು ಮಿಣುಕುತ್ತಿತ್ತಂತೆ. ಕಲಿಸುವ ಸರ್ ನೋಡಿ, “ಏನವಾ ಇದು, ಕಣ್ಣಿಗೆ ಬಡೀತೈತಿ,” ಎಂದರು. “ಬೋರ್ಡು ಅಂದ್ರ ಕಣ್ಣಿಗೆ ಬಡೀಬೇಕು ಸರ್,” ಎಂದಳು ಇವಳು. ಅಂದಿನಿಂದ ಏಳನೇ ಮೇಜು ಬಿಟ್ಟು ಬೇರೆಡೆ ಕೂರಲಿಲ್ಲ. ಮೂರು ವರ್ಷದ ಮೇಲೆ ಕೇಂದ್ರ ಮುಚ್ಚಿತು. ಸಾಮಾನು ಸಾಗಿಸುವ ದಿನ ಬಂದು ನನ್ನನ್ನು ಕೊಡುವಂತೆ ಕೇಳಿದಳು. “ಹಳೇದು ತೊಗೊಂಡು ಏನ್ ಮಾಡ್ತಿ?” ಎನ್ನುತ್ತಲೇ ಸರ್ ಬಾಲ ಸುತ್ತಿ ಕೈಗಿಟ್ಟರು. ನನ್ನನ್ನು ಬೇಕೆಂದು ಕೇಳಿದ ಮೊದಲ ಜೀವ ಅವಳು.

ಮುಂದಿನ ವರ್ಷಗಳಲ್ಲಿ ಅವಳ ವಿದ್ಯೆ ನನ್ನ ಬೆನ್ನ ಮೇಲೆಯೇ ಬೆಳೆಯಿತು. ಮೆಣಸಿನಕಾಯಿ ವ್ಯಾಪಾರಿಯ ವೆಬ್‌ಸೈಟು, ಕಲ್ಯಾಣ ಮಂಟಪದ್ದು, ಸೀರೆ ಅಂಗಡಿಯದು. ಆಮೇಲೆ ಹುಬ್ಬಳ್ಳಿಯ ಆಫೀಸೊಂದರ ಕೆಲಸ, ಅದನ್ನೂ ಗದಗಿನ ಮನೆಯಿಂದಲೇ ಮಾಡುತ್ತಿದ್ದಳು. ಪುಟ ಮಾಡಿ ಮುಗಿಸಿದರೆ ಸಾಲದು, ಅದರ ಒಂದೊಂದು ಬಟನ್ನನ್ನೂ ನೂರು ಸಲ ಒತ್ತಿ ನೋಡಬೇಕು ಅವಳಿಗೆ. “ಮಂದಿ ಮೊದಲನೇ ಸಲಕ್ಕ ತಪ್ಪು ಜಾಗಾನ ಒತ್ತತಾರ,” ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಆ ನೂರು ಏಟು ಬೀಳುತ್ತಿದ್ದುದು ನನ್ನ ಎಡಗುಂಡಿಗೆ. ಬೇಸರವಿರಲಿಲ್ಲ. ಬಡಿದರೂ ನಮ್ಮವರೇ ಅಲ್ಲವೇ.

ವಾರವೆಲ್ಲ “ಬಟನ್ ಸ್ವಲ್ಪ ಎಡಕ್ಕೆ, ಇಲ್ಲ, ಸ್ವಲ್ಪ ಬಲಕ್ಕೆ” ಎನ್ನುವವರ ಚಾಕರಿ. ಭಾನುವಾರ ಮಾತ್ರ ಅವಳದು. ಅಂದು ಬ್ರೌಸರಿನಲ್ಲೇ ಆಡುವಂಥ ಪುಟ್ಟ ಆಟಗಳನ್ನು ಕಟ್ಟುತ್ತಿದ್ದಳು. ನಿಂಬೆಹಣ್ಣು ಚಮಚದ ಓಟ ಎಂದು ಒಂದಿತ್ತು. ಅದರಲ್ಲಿ ಚಮಚ ನಾನೇ! ತುಸು ಜೋರಾಗಿ ಎಳೆದರೆ ಹಣ್ಣು ಉರುಳಿಬಿಡುತ್ತಿತ್ತು. ಗಾಳಿಪಟದ ಆಟ ಇನ್ನೊಂದು. ಗಾಳಿ ಯಾವ ಕಡೆಯಿಂದ ಬರುತ್ತದೆಂದು ಕಟ್ಟಿದವಳಿಗೂ ತಿಳಿಯುತ್ತಿರಲಿಲ್ಲ. ಎಲ್ಲವನ್ನೂ ‘ಕಸ್ತೂರಿಯ ಭಾನುವಾರ’ ಎಂಬ ಒಂದು ಪುಟದಲ್ಲಿಟ್ಟಿದ್ದಳು. ಆ ದಿನಗಳಲ್ಲಿ ಅವಳ ಕೈ ಹಗುರವಾಗಿರುತ್ತಿತ್ತು, ನನಗೂ ಹಾಗೆಯೇ ಅನಿಸುತ್ತಿತ್ತು. ನನ್ನ ಬಾಳಿನ ಒಳ್ಳೆಯ ದಿನಗಳು ಅವೇ.

ಅಷ್ಟರಲ್ಲಿ ದ್ಯಾಮಣ್ಣನವರ ಕೆಲಸ ನಿಂತುಹೋಗಿತ್ತು. ಊರಿಗೆಲ್ಲ ಪ್ಲಾಸ್ಟಿಕ್ ಬ್ಯಾನರ್ ಬಂದ ಮೇಲೆ ಕುಂಚಕ್ಕೆ ಯಾರು ಕಾಯುತ್ತಾರೆ? ಕುಂಚಗಳನ್ನು ತಗಡಿನ ಡಬ್ಬಿಯಲ್ಲಿಟ್ಟು ಶೆಲ್ಫಿಗೇರಿಸಿದರು. ಬೆಳಗಿನ ಪೇಪರ್ ಹಿಡಿದು ಅದರ ಜಾಹೀರಾತಿನ ಅಕ್ಷರಗಳಿಗೆ ಹೆಸರಿಡುತ್ತ ಕೂರುವರು. “ಈ ‘ಕ’ ನೋಡು, ಹೊಟ್ಟಿಗಿಲ್ಲದವರಂಗ ಐತಿ.” ಕಸ್ತೂರಿ ನಗುತ್ತಿದ್ದಳು. ಒಂದು ದಿನ ನನ್ನ ಮೇಲೆ ಕೈಯಿಟ್ಟುಕೊಂಡೇ, “ಅಪ್ಪನ ಕೈಗೆ ಏನರ ಕೆಲಸ ಬೇಕು,” ಎಂದಳು. ಆ ಮಾತಿನಿಂದಲೇ ಎಲ್ಲ ಶುರುವಾಯಿತು.

ಅಪ್ಪನಿಗಾಗಿ ಅವಳು ಕಟ್ಟಿದ ಆಟದ ಹೆಸರು ‘ಅಕ್ಷರ ತಿದ್ದು’. ಪರದೆಯ ಮೇಲೆ ಒಂದು ಅಕ್ಷರ ಮೂಡಿ ಮರೆಯಾಗುತ್ತದೆ. ಅದನ್ನು ನೆನಪಿನಿಂದ ನನ್ನನ್ನು ಎಳೆದು ಬರೆಯಬೇಕು. ಕಂಪ್ಯೂಟರಿನಲ್ಲಿ ಮೊದಲೇ ತಯಾರಾಗಿ ಬರುವ ಅಚ್ಚಿನ ಅಕ್ಷರ ಇರುತ್ತದಲ್ಲ, ಫಾಂಟು, ಅದಕ್ಕೆ ಎಷ್ಟು ಹತ್ತಿರ ಬಂದರೆ ಅಷ್ಟು ಅಂಕ. ತೊಂಬತ್ತು ದಾಟಿದರೆ ಶಾಲೆಯ ಗಂಟೆ ಢಣ್ ಎನ್ನುತ್ತದೆ. ಹೆಚ್ಚು ಅಂಕ ಬಂದ ಅಕ್ಷರವೊಂದೇ ಉಳಿಯುತ್ತದೆ, ಅದಕ್ಕಿಂತ ಕಡಿಮೆಯದು ತಾನೇ ಅಳಿದುಹೋಗುತ್ತದೆ. ಆಟ ಕಟ್ಟುವವರೆಲ್ಲ ಹಾಗೆಯೇ ಮಾಡುತ್ತಾರಂತೆ. ಅವಳೂ ಯೋಚಿಸದೆ ಹಾಗೆಯೇ ಮಾಡಿದಳು.

ದ್ಯಾಮಣ್ಣನವರ ಕೈ ಮೊದಲ ಸಲ ನನ್ನ ಮೇಲೆ ಬಿದ್ದಾಗ ನನಗೆ ದಿಗಿಲಾಯಿತು. ಅಗಲವಾದ, ಒರಟಾದ, ಸೀಮೆಎಣ್ಣೆಯ ವಾಸನೆ ಇನ್ನೂ ಬಿಡದ ಅಂಗೈ. ಆದರೆ ಒಂದಿಷ್ಟೂ ನಡುಕವಿಲ್ಲ. ಅಷ್ಟು ತಿಳಿದ ಕೈ ನನ್ನನ್ನು ಅದುವರೆಗೆ ಹಿಡಿದಿರಲಿಲ್ಲ.

“ಇದೇನವಾ, ಸಾಬೂನು ಹಿಡದು ಬರದಂಗ ಆಗತೈತಿ!”

“ರೂಢಿ ಆಗತೈತಿ ಅಪ್ಪಾ. ಮೆಲ್ಲಕ ಎಳಿ.”

ಒಂದು ವಾರ ನಾವಿಬ್ಬರೂ ಜಾರಿದೆವು, ಬಿದ್ದೆವು. ಎಂಟನೇ ದಿನ ನಾನು ಅವರ ಕೈಗೆ ಒಗ್ಗಿದೆ. “ಈಗ ನೋಡು, ಇದು ನನ್ನ ಶ್ರೀ,” ಎಂದು ಅವರು ಎಳೆಯತೊಡಗಿದರು. ಅವರ ಬೋರ್ಡುಗಳೆಲ್ಲ ಶ್ರೀಯಿಂದಲೇ ಶುರುವಾಗುತ್ತಿದ್ದವಂತೆ. ಅಕ್ಷರ ಮುಗಿಸಿ, ಕೆಳಗಿನ ಒತ್ತಿನ ಬಾಲವನ್ನು ಬಲಕ್ಕೆ ನಾಲ್ಕು ಬೆರಳು ಉದ್ದ ಎಳೆದು, ತುದಿಯಲ್ಲಿ ಅರ್ಧ ಬೆರಳು ಮೇಲೆತ್ತಿ, ಅಲ್ಲಿಯೇ ಒಂದು ಉಸಿರಿನಷ್ಟು ನಿಂತರು.

“ಅಲ್ಲ್ಯಾಕ ನಿಂತಿ ಅಪ್ಪಾ?”

“ಕುಂಚದಾಗ ಉಳದ ಬಣ್ಣ ಅಲ್ಲೇ ಇಳೀಬೇಕವಾ. ಇಲ್ಲಾಂದ್ರ ಸೋರತೈತಿ.”

ನನ್ನಲ್ಲಿ ಬಣ್ಣವೆಲ್ಲಿತ್ತು! ಆದರೂ ನಿಂತರು. ನಾನು ಅಕ್ಷರವನ್ನು ಕಣ್ಣಿಂದ ಕಂಡಿಲ್ಲ, ಅದರ ದಾರಿಯನ್ನು ನಡೆದಿದ್ದೇನೆ ಅಷ್ಟೆ. ಅಂಥ ದಾರಿಯನ್ನು ಹಿಂದೆ ನಡೆದಿರಲಿಲ್ಲ. ‘ದ್ಯಾಮಣ್ಣನ ಬಾಲ’ ಎಂದರೆ ಊರಲ್ಲಿ ಎಲ್ಲರಿಗೂ ಗೊತ್ತಿತ್ತಂತೆ. ಆ ಬಾಲವೇ ಸಹಿ, ಬೋರ್ಡಿನ ಮೂಲೆಯಲ್ಲಿ ಅವರು ತಮ್ಮ ಹೆಸರು ಬರೆಯುತ್ತಲೇ ಇರಲಿಲ್ಲವಂತೆ.

ಆಟ ಅಂಕ ಕೊಟ್ಟಿತು. ನಲವತ್ತೊಂದು.

“ಬಾಲ ಉದ್ದ ಆತು ಅಪ್ಪಾ,” ಎಂದು ಕಸ್ತೂರಿ ನಕ್ಕಳು. “ಫಾಂಟಿನಾಗ ಅಷ್ಟ ಇಲ್ಲ.”

ಅವರೂ ನಕ್ಕರು. “ನಲವತ್ತು ವರ್ಷ ಬರದದ್ದಕ್ಕ ನಲವತ್ತೊಂದು. ವರ್ಷಕ್ಕೊಂದು, ಮ್ಯಾಲ ಒಂದು ಬಕ್ಷೀಸು!”

ಬಾಯಿ ನಕ್ಕಿತು. ಅಂಗೈ ನಗಲಿಲ್ಲ. ಅದು ಹೇಗೆ ಬಿಗಿಯಿತೆಂದು ನನಗೊಬ್ಬನಿಗೇ ಗೊತ್ತು. ದ್ಯಾಮಣ್ಣ ಏಳನೇ ಇಯತ್ತೆಯಲ್ಲಿ ನಪಾಸಾಗಿ ಕುಂಚ ಹಿಡಿದವರು. ಗಿರಾಕಿಗಳು ಹೊಗಳಿದ್ದರು, ಬಯ್ದಿದ್ದರು, ಆದರೆ ಅಂಕ ಎಂಬುದನ್ನು ಅವರಿಗೆ ಶಾಲೆ ಬಿಟ್ಟ ಮೇಲೆ ಯಾರೂ ಕೊಟ್ಟಿರಲಿಲ್ಲ. ಇದ್ದಕ್ಕಿದ್ದಂತೆ ಆ ಹಳೆಯ ಮಾಸ್ತರು ಪರದೆಯೊಳಗಿಂದ ಎದ್ದು ಬಂದಿದ್ದರು.

ಮರುದಿನ ಚಹಾ ಮುಗಿಸಿ ಹತ್ತು ಗಂಟೆಗೆ ತಾವಾಗಿಯೇ ಬಂದು ಕೂತರು. ಅದರ ಮರುದಿನವೂ ಬಂದರು. ಬಾಲವನ್ನು ಮೂರು ಬೆರಳಿಗೆ ಇಳಿಸಿದಾಗ ಐವತ್ತೆರಡಾಯಿತು. ಎರಡು ಬೆರಳಿಗೆ ಇಳಿಸಿದಾಗ ಅರವತ್ತೆಂಟು. ತುದಿಯಲ್ಲಿ ನಿಲ್ಲುವುದನ್ನು ಬಿಟ್ಟರು, ಇನ್ನೂ ಏರಿತು. ಮಳೆಗಾಲ ಕಳೆದು ದೀಪಾವಳಿ ಬರುವ ಹೊತ್ತಿಗೆ ಒಂದು ದಿನ ಗಂಟೆ ಢಣ್ ಎಂದಿತು. ಅಡುಗೆಮನೆಯಿಂದ ಕಸ್ತೂರಿ, “ಪಾಸಾದಿ ಅಪ್ಪಾ!” ಎಂದು ಕೂಗಿದಳು. ಅವರ ಅಂಗೈ ಬಿಸಿಯಾಗಿ, ನನ್ನ ಬೆನ್ನನ್ನು ಎರಡು ಸಲ ತಟ್ಟಿತು. ಕೊನೆಗೆ ತೊಂಬತ್ತಾರಕ್ಕೆ ಮುಟ್ಟಿದೆವು.

ಇಲ್ಲಿ ನನ್ನ ತಪ್ಪನ್ನೂ ಹೇಳಿಬಿಡಬೇಕು. ದಿನದಿನಕ್ಕೂ ದಾರಿ ಮೊಟಕಾಗುತ್ತಿದ್ದುದು ನನಗೆ ತಿಳಿಯುತ್ತಿತ್ತು. ಆದರೆ ಆ ಗಂಟೆಯ ಆಸೆ ನನಗೂ ಹತ್ತಿತ್ತು. ಅವರು ಬೆನ್ನು ತಟ್ಟಿದ ದಿನ ನಾನು ಹಿಗ್ಗಿ ಹೀರೇಕಾಯಿಯಾದೆ. ನೆನೆದರೆ ಈಗ ನಾಚಿಕೆಯಾಗುತ್ತದೆ.

ಮುಂದಿನ ವರ್ಷ ಕಸ್ತೂರಿ ಇನ್ನೊಂದು ಕೆಲಸಕ್ಕೆ ಅರ್ಜಿ ಹಾಕಿದಳು. ಆಟಗಳನ್ನೇ ತಯಾರಿಸುವ ಕಂಪನಿ ಅದು. ಸಂದರ್ಶನ ಕಂಪ್ಯೂಟರಿನಲ್ಲೇ ನಡೆಯಿತು. ಮೈಸೂರಿನ ಕಡೆಯ ಒಬ್ಬ ಮೇಡಂ ಅವಳ ಭಾನುವಾರದ ಆಟಗಳನ್ನೆಲ್ಲ ಆಡಿ ನೋಡಿದ್ದರು. ನಿಂಬೆಹಣ್ಣಿನ ಆಟ ಅವರಿಗೆ ಬಹಳ ಹಿಡಿಸಿತ್ತು. ಆಮೇಲೆ ಕೇಳಿದರು:

“ಈ ಅಕ್ಷರದ ಆಟ ಇದ್ಯಲ್ಲ, ಇದರಲ್ಲಿ ಎಲ್ಲಾ ಕಡೆ ನೋಡೋ ಫಾಂಟೇ ಇದೆ. ನಿಮ್ಮ ತಂದೆ ಬೋರ್ಡ್ ಬರೀತಿದ್ರು ಅಂದ್ರಿ. ಅವರ ಅಕ್ಷರ ಯಾಕೆ ಇಡಲಿಲ್ಲ?”

ನನ್ನ ಮೇಲಿದ್ದ ಕಸ್ತೂರಿಯ ಕೈ ತಣ್ಣಗಾಯಿತು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಅಪ್ಪನ ಅಕ್ಷರದ ಅಂಚು ತುಂಬಿ ಬೆಳೆದ ಹುಡುಗಿಗೆ, ಅಳೆಯುವ ಕೋಲು ಬೇಕಾದಾಗ ಅಪ್ಪನ ನೆನಪಾಗಲಿಲ್ಲ. “ಇಡ್ತೀನಿ ಮೇಡಂ,” ಎಂದಳು ಕೊನೆಗೆ.

ಕೆಲಸ ಸಿಕ್ಕಿತು. ಆದರೆ ಅವಳ ಮನಸ್ಸು ಅದರ ಮೇಲಿರಲಿಲ್ಲ. ಮರುದಿನವೇ ನನ್ನನ್ನು ಬದಿಗೆ ಸರಿಸಿ ಮೇಜಿನ ತುಂಬ ಬಿಳಿ ಹಾಳೆ ಹಾಸಿದಳು. ಡಬ್ಬಿಯಿಂದ ಕುಂಚ ಇಳಿಯಿತು; ಒಣಗಿದ್ದನ್ನು ದ್ಯಾಮಣ್ಣ ಸೀಮೆಎಣ್ಣೆಯಲ್ಲಿ ನೆನೆಸಿ ಹದ ಮಾಡಿದರು.

“ಶ್ರೀ ಬರಿ ಅಪ್ಪಾ. ಬೋರ್ಡಿಗೆ ಬರೀತಿದ್ದ್ಯಲ್ಲ, ಹಂಗ.”

ಹಾಳೆಯ ಮೇಲೆ ಕುಂಚ ಸರಿದ ಸದ್ದು ಕೇಳಿತು, ಬೇಗನೆ ನಿಂತೂಬಿಟ್ಟಿತು. ತೀರ ಬೇಗ ನಿಂತಿತು.

“ಅಪ್ಪಾ, ಇದು ಫಾಂಟು.”

“ಅಂದ್ರ?”

“ಬಾಲ ಎಲ್ಲೈತಿ?”

“ಬಾಲಕ್ಕ ಮಾರ್ಕ್ಸ್ ಹೋಗತಿದ್ದುವಲ್ಲವಾ,” ಎಂದರು ಅವರು.

ಕಸ್ತೂರಿ ಇನ್ನೊಂದು ಹಾಳೆ ಕೊಟ್ಟಳು, ಮತ್ತೊಂದು ಕೊಟ್ಟಳು. ಅವರು ಬಾಲವನ್ನು ಬೇಕೆಂದೇ ಎಳೆದು ನೋಡಿದರು. “ಇದು ಅಂಟಿಸಿದಂಗ ಕಾಣತೈತಿ,” ಎಂದು ತಾವೇ ಹೊಡೆದುಹಾಕಿದರು. ಕೈ ನಲವತ್ತು ವರ್ಷದಲ್ಲಿ ಕಲಿತದ್ದು ಒಂದು ವರ್ಷದಲ್ಲಿ ಮರೆತುಹೋಗಿತ್ತು. ಏಳೆಂಟು ಹಾಳೆಯಾದ ಮೇಲೆ ಕುಂಚ ಕೆಳಗಿಟ್ಟರು. “ಹೋಗ್ಲಿ ಬಿಡವಾ. ಅದರಾಗೇನೈತಿ,” ಎಂದರು. ಆ ದನಿ ನನಗೆ ಇಂದಿಗೂ ಕೇಳುತ್ತದೆ.

ಅಪ್ಪನ ಹಳೆಯ ಬೋರ್ಡಿಗಾಗಿ ಕಸ್ತೂರಿ ಊರೆಲ್ಲ ಹುಡುಕಿದಳು. ಸಂಜೆ ಬಂದು ಅಪ್ಪನಿಗೆ ಹೇಳುವಾಗ ನನಗೂ ತಿಳಿಯುತ್ತಿತ್ತು. ಖಾನಾವಳಿಯ ಬೋರ್ಡಿನ ಮೇಲೆ ಪ್ಲಾಸ್ಟಿಕ್ ಬಡಿದಿದ್ದರು. ಗಿರಣಿಯ ಗೋಡೆಗೆ ಸುಣ್ಣ ಬಳಿದಿದ್ದರು. ಬಟ್ಟೆ ಅಂಗಡಿಯ ಬೋರ್ಡು ಯಾವಾಗಲೋ ಗುಜರಿಗೆ ಹೋಗಿತ್ತು. ಸೈಕಲ್ ರಿಪೇರಿಯವನ ಚಾವಣಿಯಲ್ಲಿ ಒಂದು ತಗಡು ಸಿಕ್ಕಿತು. ತೂತು ಮುಚ್ಚಲು ಹಾಕಿದ್ದ ಹಳೆಯ ಬೋರ್ಡು ಅದು. ಶ್ರೀ ಇತ್ತು, ಒತ್ತಿನ ಭಾಗವನ್ನು ಮಾತ್ರ ತುಕ್ಕು ತಿಂದಿತ್ತು. ಊರಿಗೆಲ್ಲ ಗೊತ್ತಿದ್ದ ಬಾಲವನ್ನು ಯಾರೂ ಒಂದು ಫೋಟೋ ತೆಗೆದಿಟ್ಟಿರಲಿಲ್ಲ. ದಿನಾ ಕಣ್ಣೆದುರಿಗಿರುವುದರ ಫೋಟೋ ಯಾರು ತೆಗೆಯುತ್ತಾರೆ?

ಕಡೆಗೆ ಅವಳಿಗೆ ಆಟದ ನೆನಪಾಯಿತು. ಓಡಿಬಂದು ನನ್ನನ್ನು ಹಿಡಿದಳು. ಎಂಟನೇ ದಿನ ಅಪ್ಪ ಬರೆದ ಆ ಶ್ರೀ ಒಳಗೆಲ್ಲಾದರೂ ಇದ್ದೀತೆಂದು ಒಂದೊಂದೇ ಕಡೆ ಒತ್ತಿ ಒತ್ತಿ ಹುಡುಕಿದಳು. ಇದ್ದದ್ದು ಒಂದೇ, ತೊಂಬತ್ತಾರರದ್ದು. ಹೆಚ್ಚಿನದನ್ನು ಉಳಿಸು, ಕಡಿಮೆಯದನ್ನು ಅಳಿಸು ಎಂದು ಅವಳೇ ಬರೆದಿದ್ದಳಲ್ಲ! ನನ್ನ ಮೇಲೆ ಎರಡು ಬಿಸಿ ಹನಿ ಬಿದ್ದವು. ಅವಳ ಕೈ ನನ್ನನ್ನು ಹಿಡಿದೇ ಇತ್ತು, ನಡೆಸುವುದನ್ನು ಮರೆತಿತ್ತು. ನನಗೆ ಗೊತ್ತಮ್ಮಾ, ನಾಲ್ಕು ಬೆರಳು ಬಲಕ್ಕೆ, ಅರ್ಧ ಬೆರಳು ಮೇಲಕ್ಕೆ, ಒಂದು ಉಸಿರು ನಿಲ್ಲಬೇಕು ಎಂದು ಹೇಳಬೇಕೆನಿಸಿತು. ಯಾರಾದರೂ ನಡೆಸದೆ ನಾನು ಕೂದಲೆಳೆಯಷ್ಟೂ ಕದಲಲಾರೆ.

ಅಂದೇ ಅವಳು ಆಟದಿಂದ ಅಂಕ ತೆಗೆದಳು, ಗಂಟೆಯನ್ನೂ ತೆಗೆದಳು. ದ್ಯಾಮಣ್ಣ ಮತ್ತೆ ಬಂದು ಕೂರಲಿಲ್ಲ.

ಕೆಲವು ತಿಂಗಳಲ್ಲಿ ನನ್ನ ಎಡಗುಂಡಿ ಸತ್ತಿತು. ಬಾಲವಿಲ್ಲದ ಹೊಸ ಮೌಸ್ ಬಂತು. ಕಸ್ತೂರಿಗೆ ನನ್ನನ್ನು ಎಸೆಯಲು ಮನಸ್ಸು ಬರದೆ ಅಪ್ಪನ ಕುಂಚದ ಡಬ್ಬಿಯಲ್ಲಿ ಹಾಕಿದಳು. ಡಬ್ಬಿಯ ಬಾಯಲ್ಲಿ, ಕಣ್ಣಿರುವ ಹೊಟ್ಟೆ ಹೊರಗಾಗಿ ಬಿದ್ದೆ. ನನ್ನ ದೀಪ ಆರಿದ್ದರೂ ಕಿಟಕಿಯ ಬೆಳಕು ಸಾಕಷ್ಟಿತ್ತು; ಇಷ್ಟು ವರ್ಷದ ಮೇಲೆ ಅವರಿಬ್ಬರ ಮುಖ ನೋಡಿದೆ. ಕಸ್ತೂರಿಗೆ ಅಪ್ಪನದೇ ಹಣೆ.

ಮೊನ್ನೆ ಬೆಳಿಗ್ಗೆ ದ್ಯಾಮಣ್ಣ ಕತ್ತರಿ ಹುಡುಕುತ್ತ ಡಬ್ಬಿಗೆ ಕೈಹಾಕಿದರು. ನಾನು ಸಿಕ್ಕಿದೆ. “ಸಾಬೂನು,” ಎಂದು ಸಣ್ಣಗೆ ನಕ್ಕರು. ಹೊಸಿಲ ಬಳಿಯ ಕಟ್ಟೆಯ ಮೇಲೆ ನನ್ನನ್ನಿಟ್ಟು ಅಂಗೈ ಮುಚ್ಚಿದರು. ನನ್ನ ಬಾಲ ಯಾವುದಕ್ಕೂ ಸಿಕ್ಕಿಸಿರಲಿಲ್ಲ. ಎದುರಿಗೆ ಪರದೆ ಇಲ್ಲ, ಅಂಕವಿಲ್ಲ. ಅವರು ಬೀದಿಯ ಕಡೆ ನೋಡುತ್ತ ಸುಮ್ಮನೆ ಎಳೆದರು. ಅಕ್ಷರ ಮುಗಿಯಿತು. ಒತ್ತು ಇಳಿಯಿತು. ಬಲಕ್ಕೆ ಒಂದು ಬೆರಳು, ಎರಡು, ಮೂರು, ನಾಲ್ಕು. ಆಮೇಲೆ ಅರ್ಧ ಬೆರಳು ಮೇಲಕ್ಕೆ. ಅಲ್ಲಿ ಒಂದು ಉಸಿರು ನಿಂತರು.

ಒಳಗೆ ಕಸ್ತೂರಿ ಹೊಸ ಮೌಸ್ ಹಿಡಿದು ಕೆಲಸ ಮಾಡುತ್ತಿದ್ದಳು. ಅದರ ಟಿಕ್ ಟಿಕ್ ಕೇಳುತ್ತಿತ್ತು. ದ್ಯಾಮಣ್ಣ ನನ್ನನ್ನು ಡಬ್ಬಿಗೆ ಹಾಕಿ, ಕತ್ತರಿ ತೆಗೆದುಕೊಂಡು ಒಳಗೆ ಹೋದರು.